ಪೌಂಡ್ ಚಿಹ್ನೆಯ ಜಾಗದಲ್ಲಿ ಕೂತ 'ನ'

ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲೊಂದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದವರು ಈ ವಿಚಿತ್ರವನ್ನು ನೋಡೇ ಇರ್ತೀರಿ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಒಂದು ಪೌಂಡ್ ಚಿಹ್ನೆ, ಜರ್ಮನ್ನರ ಒಂದು ಅಕ್ಷರ. ಅಯ್ಯೋ, ಫೈಲ್ ಕೆಟ್ಟೋಯ್ತು ಅನ್ಸುತ್ತೆ. ನಾನು ಹೇಳೋದು ಬೇರೆ: ಫೈಲ್ ಕೆಟ್ಟಿಲ್ಲ. ಅದರೊಳಗೆ ಮೊದಲಿನಿಂದ ಇದ್ದದ್ದೇ ಇದು.

ಆಲ್ಡಸ್ ಕಂಪನಿ 1985ರಲ್ಲಿ ಪೇಜ್‌ಮೇಕರ್ ತಂದಾಗ ಅದಕ್ಕೆ ಗೊತ್ತಿದ್ದದ್ದು ರೋಮನ್ ಲಿಪಿ. ಆ ಕಾಲದ ಫಾಂಟಿನಲ್ಲಿ ಇದ್ದದ್ದೇ 256 ಜಾಗ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ನಮ್ಮ ಅಕ್ಷರಗಳು ಅದರಲ್ಲಿ ಹಿಡಿಸೋ ಮಾತೇ ಇಲ್ಲ. ಆಗ ನಮ್ಮವರು ಹೂಡಿದ್ದು ಒಂದು ಜಾಣ ಉಪಾಯ. ಅಕ್ಷರವನ್ನು ಚೂರು ಮಾಡಿದರು. ನುಡಿ ಫಾಂಟಿನಲ್ಲಿ 'ಕ'ದ ಒಡಲು ಪಿ ಜಾಗದಲ್ಲಿ, ತಲೆಕಟ್ಟು ಆ ಗೀಟಿನ ಎ ಜಾಗದಲ್ಲಿ, 'ನ'ದ ಒಡಲು ಪೌಂಡ್ ಚಿಹ್ನೆಯ ಜಾಗದಲ್ಲಿ ಕೂತವು. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಕೊನೆವರೆಗೂ ಪಿ ಮತ್ತು ಪೌಂಡೇ. ಶ್ರೀಲಿಪಿಯ ಹಂಚಿಕೆ ಮತ್ತೆ ಬೇರೆ. ಹಾಗಾಗಿ ಒಂದರ ಫೈಲಿಗೆ ಇನ್ನೊಂದರ ಫಾಂಟ್ ಹಾಕಿದರೂ ಕಲಸುಮೇಲೋಗರ.

ಇದನ್ನು ನಾನು ಹಳಿಯಲಾರೆ. ಊರೂರಿನ ಡಿಟಿಪಿ ಸೆಂಟರುಗಳಲ್ಲಿ ಲಗ್ನಪತ್ರಿಕೆಯಿಂದ ಕಾದಂಬರಿವರೆಗೆ ಎಲ್ಲವೂ ಅಚ್ಚಾದದ್ದು ಈ ಉಪಾಯದಿಂದಲೇ.

ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೆ ಅದೇ ವರ್ಷದ ಪೇಜ್‌ಮೇಕರ್ 7, ಅದರ ಕೊನೆಯ ಆವೃತ್ತಿ, ಯೂನಿಕೋಡ್ ಅರಿಯದೇ ಮುಗಿದುಹೋಯ್ತು. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಸರಿಯಾದ ಬೆಂಬಲ ಸಿಕ್ಕಿದ್ದು 2012ರ ಸಿಎಸ್6ರಲ್ಲಿ. ಅಲ್ಲೂ ಒಂದು ಕೊಕ್ಕೆ ಇತ್ತು. ಮಾಮೂಲಿ ಕಂಪೋಸರ್ ಇದ್ದರೆ ಒತ್ತಕ್ಷರ ಒಡೆದು 'ಕನ್ನಡ' ಹೋಗಿ 'ಕನ್‌ನಡ' ಆಗುತ್ತೆ. ಪ್ಯಾರಾಗ್ರಾಫ್ ಮೆನುವಿನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಿದರೆ ಸರಿಹೋಗುತ್ತೆ. ಇದು ಸುಲಭದ ತೊಂದರೆ. ಒಳಗಿರುವ ಅಕ್ಷರ ಸರಿಯಿದೆ, ಕಾಣೋದು ಮಾತ್ರ ತಪ್ಪು.

ನಿಜವಾಗಿ ಚಿಂತೆ ಮಾಡಬೇಕಾದ್ದು ಉಲ್ಟಾ ಕೇಸಿನ ಬಗ್ಗೆ: ಕಾಣೋದು ಸರಿ, ಒಳಗಿರೋದು ಬೇರೆ. ಆ ಕಾಲದ ಪುಸ್ತಕದ ಪಿಡಿಎಫ್ ತೆರೆಯಿರಿ. ಪುಟ ಚೆಂದ ಕಾಣುತ್ತೆ, ಆದ್ರೆ 'ಕನ್ನಡ' ಅಂತ ಹುಡುಕಿದರೆ ಒಂದೂ ಸಿಗಲ್ಲ. ಕಣ್ಣು ಕಾಣದ ಓದುಗರೊಬ್ಬರು ಸ್ಕ್ರೀನ್ ರೀಡರ್ ಹಚ್ಚಿದರೆ ಅವರಿಗೆ ಕೇಳಿಸೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಎಷ್ಟೋ ಲೇಖಕರ ಇಡೀ ಬರಹ ಹೀಗೆ ಸಿಡಿಗಳಲ್ಲಿ ಕೂತಿದೆ.

ಪರಿವರ್ತಕ ತಂತ್ರಾಂಶಗಳಿವೆ, ಬಳಸಿ. ಆದರೆ ನಂಬಿ ಕೂರಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ 'ರ' ಮೊದಲು. ಅಲ್ಲಿ ಎಡವಬಹುದು. ಪುಟದಲ್ಲಿ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಹೆಸರುಗಳನ್ನೂ ಕನ್ನಡದ ಚೂರು ಅಂತಲೇ ತಿಳಿಯಬಹುದು. ಒಮ್ಮೆ ಮನುಷ್ಯರೇ ಓದಿ ತಿದ್ದಬೇಕು.

ಮನೆಯಲ್ಲಿ ಅಪ್ಪನದೋ ಅಜ್ಜಿಯದೋ ಅಂಥ ಫೈಲ್ ಇದ್ದರೆ, ಮೊದಲು ಅದರ ಫಾಂಟನ್ನು ಪಕ್ಕದಲ್ಲೇ ಉಳಿಸಿಡಿ. ಫಾಂಟ್ ಕಳೆದುಹೋದರೆ, ಆ ಪೌಂಡ್ ಚಿಹ್ನೆ ಒಂದು ಕಾಲಕ್ಕೆ 'ನ' ಆಗಿತ್ತು ಅಂತ ಹೇಳೋರೂ ಸಿಗಲ್ಲ.