ಮೊಬೈಲ್ ಬಂದರಿನ ಬೆಂಕಿ ಇರುವೆ

ನಮ್ಮ ಶಾಲೆಯ ಹಿಂದಿನ ಗೇರುಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ಮಕ್ಕಳೆಲ್ಲ ಬಲ್ಲರು. ಅದು ಕಚ್ಚಿ, ಗಾಯಕ್ಕೆ ಆಮ್ಲ ಚಿಮ್ಮಿಸುತ್ತದೆ, ಕುಟುಕುವುದಿಲ್ಲ. "ಕೊಂಡಿಯಿಂದ ಕುಟುಕುವ ಇರುವೆ ಉಂಟಾ ಮಾಷ್ಟ್ರೇ?" ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಉತ್ತರ ಸ್ವಲ್ಪ ಉದ್ದವಾಯಿತು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೊಬೈಲ್ ಎಂಬ ಬಂದರು ಪಟ್ಟಣವಿದೆ. (ಕಿಸೆಯ ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ!) ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆ 1930ರ ದಶಕದಲ್ಲಿ ಹಡಗಿನ ಸರಕಿನೊಡನೆ ಅಲ್ಲಿಗೆ ಬಂದಿಳಿಯಿತು. 1942ರಲ್ಲಿ ಅದರ ಗೂಡನ್ನು ಮನೆಯ ಹತ್ತಿರದ ಖಾಲಿ ಜಾಗದಲ್ಲಿ ಕಂಡು ಗುರುತಿಟ್ಟವನು 13 ವರ್ಷದ ಹುಡುಗ, ಎಡ್ವರ್ಡ್ ವಿಲ್ಸನ್. ಚಿಕ್ಕಂದಿನಲ್ಲಿ ಮೀನಿನ ಮುಳ್ಳು ಚುಚ್ಚಿ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ದೂರದ ಹಕ್ಕಿ ಕಾಣದು, ಬೆರಳ ತುದಿಯ ಇರುವೆ ಕಾಣುತ್ತದೆ ಎಂದು ಇರುವೆಗಳ ಬೆನ್ನು ಹತ್ತಿದ. ಮುಂದೆ ಜಗತ್ಪ್ರಸಿದ್ಧ ಇರುವೆ ವಿಜ್ಞಾನಿಯಾದ.

ಈ ಇರುವೆ ದವಡೆಯಿಂದ ಚರ್ಮವನ್ನು ಹಿಡಿದುಕೊಂಡು, ಸುತ್ತ ತಿರುಗುತ್ತ ಮತ್ತೆ ಮತ್ತೆ ಕೊಂಡಿ ಚುಚ್ಚುತ್ತದೆ. ಮರುದಿನ ಬಿಳಿ ಗುಳ್ಳೆ. ಅಲರ್ಜಿ ಇದ್ದವರಿಗೆ ಪ್ರಾಣಾಪಾಯವೂ ಉಂಟು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮರಿಗಳನ್ನೂ ಬಿಡುವುದಿಲ್ಲ. ರಾಣಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನೆರೆ ಬಂದರೆ ಇಡೀ ಬಳಗ ಒಂದನ್ನೊಂದು ಕಚ್ಚಿ ಹಿಡಿದು, ರಾಣಿ-ಮರಿಗಳನ್ನು ಹೊತ್ತು ತೆಪ್ಪದಂತೆ ತೇಲುತ್ತದೆ.

ಇದನ್ನು ನಿರ್ಮೂಲ ಮಾಡಲು 1957ರಲ್ಲಿ ಅಮೆರಿಕ ಸರಕಾರ ಹೊರಟಿತು. ಡೀಲ್ಡ್ರಿನ್, ಹೆಪ್ಟಾಕ್ಲೋರ್ ಎಂಬ ವಿಷಗಳನ್ನು ವಿಮಾನದಿಂದಲೂ ಸುರಿಯಿತು. ಸತ್ತದ್ದು ಹಕ್ಕಿ, ಮೀನು, ಸಾಕುಪ್ರಾಣಿ. ರಾಚೆಲ್ ಕಾರ್ಸನ್ 1962ರ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಆಮೇಲೆ ಬಂತು ಮೈರೆಕ್ಸ್: ಸೋಯಾ ಎಣ್ಣೆಯಲ್ಲಿ ಕರಗಿಸಿ, ಮುಸುಕಿನ ಜೋಳದ ದಿಂಡಿನ ತರಿಗೆ ಹಚ್ಚಿದ ವಿಷ. ಅದೂ 1978ರ ಹೊತ್ತಿಗೆ ನಿಂತಿತು. ವಿಷಕ್ಕೆ ಊರಿನ ಇರುವೆ, ಪರದೇಶಿ ಇರುವೆ ಎಂಬ ಭೇದವಿಲ್ಲವಲ್ಲ! ಹೊಸಬರಿಗೆ ಎದುರು ನಿಲ್ಲಬಲ್ಲ ಸ್ಥಳೀಯ ಇರುವೆಗಳೂ ಸತ್ತವು. ಖಾಲಿಯಾದ ನೆಲಕ್ಕೆ ಮೊದಲು ಮರಳಿದ್ದು ಬೆಂಕಿ ಇರುವೆಯೇ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಕುಟುಕಿಗಿಂತ ಹೆಚ್ಚು ಉರಿ ತರಿಸುವುದು ಇದು. 1972ರಲ್ಲಿ ವಿಲಿಯಂ ಬ್ಯೂರೆನ್ ಅದಕ್ಕೆ 'ಸೊಲೆನಾಪ್ಸಿಸ್ ಇನ್ವಿಕ್ಟಾ' ಎಂದು ಹೆಸರಿಟ್ಟರು. ಇನ್ವಿಕ್ಟಾ ಎಂದರೆ ಸೋಲದವಳು.

2001ರಲ್ಲಿ ಅದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಪತ್ತೆಯಾಯಿತು, ಆಮೇಲೆ ಚೀನದಲ್ಲಿ. ಇಟಲಿಯ ಸಿಸಿಲಿಯಲ್ಲಿ ನೆಲೆಸಿದ್ದು 2023ರಲ್ಲಿ ವರದಿಯಾಯಿತು.

"ನಮ್ಮಲ್ಲಿ?" ಎಂದಳು ಹುಡುಗಿ. ಇದರ ದಾಯಾದಿ, ಅಮೆರಿಕ ಖಂಡದಿಂದಲೇ ಹರಡಿದ 'ಸೊಲೆನಾಪ್ಸಿಸ್ ಜೆಮಿನಾಟಾ', ಭಾರತದಲ್ಲಿ ಬಹಳ ಹಿಂದೆಯೇ ನೆಲೆಯೂರಿದೆ. ಅದೂ ಕುಟುಕುತ್ತದೆ, ಅದರ ಕೆಲವು ಕೆಲಸಗಾರ ಇರುವೆಗಳ ತಲೆ ವಿಪರೀತ ದೊಡ್ಡದು ಎಂದೆ. ಇವತ್ತು ಬೆಳಿಗ್ಗೆ ಅವಳು ಬೆಂಕಿಪೊಟ್ಟಣದಲ್ಲಿ ಒಂದು ಇರುವೆಯನ್ನು ತಂದಿದ್ದಾಳೆ. ಭೂತಗನ್ನಡಿ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಬೀಗದ ಕೈ ಹುಡುಕಬೇಕು.