ಪಗನೀನಿಯ ನಾಲ್ಕು ವಾದ್ಯಗಳು

ಪಾಶ್ಚಾತ್ಯ ಸಂಗೀತದಲ್ಲಿ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಕೂಡಿದ ಚತುರ್ವಾದ್ಯ ಮೇಳಕ್ಕೆ ವಿಶಿಷ್ಟವಾದ ಸ್ಥಾನವುಂಟು. ಶ್ರೀಮಂತರ ಮನೆಗಳ ಒಳಾಂಗಣದಲ್ಲಿ, ಕೆಲವೇ ರಸಿಕರ ಸಮ್ಮುಖದಲ್ಲಿ ಬೆಳೆದ ಈ ಪದ್ಧತಿಯಲ್ಲಿ ಪಕ್ಕವಾದ್ಯವೆಂಬುದಿಲ್ಲ, ನಾಲ್ವರೂ ಸಮಪಾಲಿನವರು. ನಾಲ್ಕು ನಾದಗಳ ಹೊಂದಾಣಿಕೆಯೇ ಇದರ ಜೀವಾಳ. ಆದಕಾರಣ ಒಬ್ಬನೇ ಶಿಲ್ಪಿಯ ಕೈಯಿಂದ ಬಂದ ನಾಲ್ಕು ವಾದ್ಯಗಳನ್ನು ಒಟ್ಟುಗೂಡಿಸುವ ಹಂಬಲವು ಸಂಗ್ರಾಹಕರಲ್ಲಿ ಹುಟ್ಟಿದುದು ಸಹಜವೇ ಆಗಿದೆ. ಇಂತಹ ಕೂಟಗಳಲ್ಲಿ ಪಗನೀನಿಯ ಹೆಸರನ್ನು ಹೊತ್ತುದು ಪ್ರಖ್ಯಾತವಾದುದು. ಪ್ರಾಚೀನ ವಾದ್ಯವನ್ನು ಕಾಪಾಡುವುದೆಂದರೆ ಏನೆಂಬ ಪ್ರಶ್ನೆಯನ್ನು ಅದರ ಚರಿತ್ರೆಯು ಎತ್ತುತ್ತದೆ.

ಇಟಲಿಯ ಕ್ರೆಮೋನ ನಗರದ ಆಂತೋನಿಯೊ ಸ್ತ್ರಾದಿವಾರಿ 1737ರಲ್ಲಿ, ಸುಮಾರು ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡನು. ಈ ಕೂಟದ ಒಂದು ಪಿಟೀಲು 1680ರದು, ಇನ್ನೊಂದು 1727ರದು, ವಿಯೋಲ 1731ರದು, ಚೆಲ್ಲೊ 1736ರದು. ಮೊದಲನೆಯದಕ್ಕೂ ಕೊನೆಯದಕ್ಕೂ 56 ವರ್ಷಗಳ ಅಂತರ. ಇವು ಒಡಹುಟ್ಟುಗಳಾಗಿ ಹುಟ್ಟಿದವಲ್ಲ. ಜೆನೋವದ ಮಹಾವಾದಕ ನಿಕೊಲೊ ಪಗನೀನಿ (1782–1840) ಕೂಡಿಹಾಕಿದುದರಿಂದ ಒಂದು ಮನೆತನದವಾದವು. ಸ್ತ್ರಾದಿವಾರಿಯ ಪಿಟೀಲುಗಳು ನೂರಾರು ಉಳಿದಿವೆಯಾದರೂ ವಿಯೋಲಗಳು ಅತಿ ವಿರಳ. ಪಗನೀನಿ ತನ್ನ ವಿಯೋಲಕ್ಕಾಗಿ ಕೃತಿಯೊಂದನ್ನು ರಚಿಸುವಂತೆ ಬೆರ್ಲಿಯೋಜನನ್ನು ಕೋರಿದನು. 1834ರಲ್ಲಿ ‘ಇಟಲಿಯಲ್ಲಿ ಹೆರಾಲ್ಡ್’ ಸಿದ್ಧವಾಯಿತು. ಆದರೆ ಅದರಲ್ಲಿ ವಿಯೋಲ ಸುಮ್ಮನಿರುವ ಭಾಗವೇ ಹೆಚ್ಚೆಂದು ಪಗನೀನಿ ಅದನ್ನು ನುಡಿಸಲಿಲ್ಲ. 1838ರಲ್ಲಿ ಕೃತಿಯನ್ನು ಕೇಳಿದ ಮೇಲೆ ಮನಸೋತು ಬೆರ್ಲಿಯೋಜನಿಗೆ 20,000 ಫ್ರಾಂಕುಗಳನ್ನು ಕೊಟ್ಟನು.

ಪಗನೀನಿಯ ಮರಣಾನಂತರ ವಾದ್ಯಗಳು ಚದುರಿದವು. ನ್ಯೂಯಾರ್ಕಿನ ವಾದ್ಯವ್ಯಾಪಾರಿ ಎಮಿಲ್ ಹರ್ಮನ್ ಅವನ್ನು ಮರಳಿ ಒಂದುಗೂಡಿಸಿದನು. 1946ರಲ್ಲಿ ಆನ್ನಾ ಕ್ಲಾರ್ಕ್ ಎಂಬ ಸಿರಿವಂತ ವಿಧವೆ ನಾಲ್ಕನ್ನೂ ಕೊಂಡು, ಹೆನ್ರಿ ತೆಮಿಯಾಂಕ, ಗುಸ್ತಾವ್ ರೊಸೆಲ್ಸ್, ರಾಬರ್ಟ್ ಕೂರ್ತ್, ರಾಬರ್ಟ್ ಮಾಸ್ ಎಂಬ ನಾಲ್ವರ ಕೈಗಿತ್ತಳು. ಹೀಗೆ ‘ಪಗನೀನಿ ಚತುಷ್ಕ’ವು ಹುಟ್ಟಿತು. ಚೆಲ್ಲೊವಾದಕ ಮಾಸ್ 1948ರಲ್ಲಿಯೇ ಅಗಲಿದರೂ ಮೇಳವು 1966ರವರೆಗೆ ಬಾಳಿತು. ತರುವಾಯ ವಾದ್ಯಗಳು ವಾಷಿಂಗ್ಟನ್ನಿನ ಕಾರ್ಕೊರನ್ ಕಲಾಸಂಗ್ರಹಾಲಯದ ಸ್ವತ್ತಾದವು. ಅಲ್ಲಿಂದ 1982ರಲ್ಲಿ ಕ್ಲೀವ್‌ಲೆಂಡ್ ಚತುಷ್ಕದ ಕೈಸೇರಿದವು. 1994ರಲ್ಲಿ ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಷನ್ ಅವನ್ನು ಕೊಂಡಿತು. 1995ರಿಂದ, ತಾನು ವಿಸರ್ಜಿತವಾದ 2013ರವರೆಗೆ, ಟೋಕಿಯೊ ಚತುಷ್ಕವು ಅವನ್ನು ನುಡಿಸಿತು.

ಕಾಪಾಡುವ ಬಗೆಗಳು ಬೇರೆಯೂ ಉಂಟು. 1716ರ ‘ಮೆಸ್ಸಯ್ಯ’ ಪಿಟೀಲು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದ ಗಾಜಿನೊಳಗೆ ಮೌನವಾಗಿದೆ. ಅದರ ಮೆರುಗು ಮಾಸಿಲ್ಲ. ಗರ್ಟ್ರೂಡ್ ವಿಟ್ಟಲ್ 1935ರಲ್ಲಿ ಐದು ಸ್ತ್ರಾದಿವಾರಿ ವಾದ್ಯಗಳನ್ನು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕೆ ದಾನವಿತ್ತು, ಕಚೇರಿಗಳಿಗೆ ನಿಧಿಯನ್ನೂ ಸ್ಥಾಪಿಸಿದಳು. ಅಲ್ಲಿ ವಾದ್ಯಗಳು ನೆಲೆನಿಂತವು, ವಾದಕರು ಬಂದರು: 1940ರಿಂದ 1962ರವರೆಗೆ ಬುಡಾಪೆಸ್ಟ್ ಚತುಷ್ಕವು ಅವುಗಳ ಮೇಲೆ ನುಡಿಸಿತು.

ನುಡಿಸುವ ವಾದ್ಯ ಸವೆಯುತ್ತದೆಂಬುದು ದಿಟ. ಆದರೆ ‘ಮೂಲರೂಪ’ವೆಂಬುದು ಸ್ತ್ರಾದಿವಾರಿಯ ವಾದ್ಯಗಳಲ್ಲಿ ಬಹುಪಾಲಿಗೆ ಎಂದೋ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣಗಳು ಹಿರಿದಾದಂತೆ ಅವುಗಳ ಕತ್ತನ್ನು ನೀಳವಾಗಿಸಿ, ಒಳಗಿನ ಆಧಾರಪಟ್ಟಿಯನ್ನು ಬಲಪಡಿಸಿದರು. ಕರುಳಿನ ತಂತಿಗಳ ಸ್ಥಾನವನ್ನು ಕ್ರಮೇಣ ಲೋಹವು ಆಕ್ರಮಿಸಿತು. ಹಿರಿಯ ಸಭೆಗಳಿಗೆ ನಾದ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದುದನ್ನು ಬಲ್ಲ ಕನ್ನಡಿಗರಿಗೆ ಈ ಅವಶ್ಯಕತೆಯು ಹೊಸತೆನಿಸದು. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ವಾದಕರು ಕಣ್ಮರೆಯಲ್ಲಿ ಮೂರು ಹೊಸ, ಮೂರು ಹಳೆಯ ಪಿಟೀಲುಗಳನ್ನು ನುಡಿಸಿ ನೋಡಿದಾಗ ಹೆಚ್ಚು ಮಂದಿ ಮೆಚ್ಚಿದುದು ಹೊಸದೊಂದನ್ನು. ಕಾಲಮಾತ್ರದಿಂದ ನಾದ ಶ್ರೇಷ್ಠವಾಗುವುದೆಂಬ ನಂಬಿಕೆಗೆ ಇದು ಪೆಟ್ಟು.

ಆದರೂ ಈ ನಾಲ್ಕು ವಾದ್ಯಗಳ ಮಹತ್ವ ಕುಂದುವುದಿಲ್ಲ. ಇವುಗಳ ಬೆಲೆಯು ಮರ ಮೆರುಗುಗಳಲ್ಲಿ ಇರುವಷ್ಟೇ ವಾದಕರ ಪರಂಪರೆಯಲ್ಲಿಯೂ ಇದೆ. ಇವನ್ನು ನುಡಿಸುವವರಾರೂ ಇವುಗಳ ಒಡೆಯರಲ್ಲ; ಅವಧಿ ತೀರಿದೊಡನೆ ಒಪ್ಪಿಸಿ ಹೋಗತಕ್ಕವರು. 2013ರ ತರುವಾಯವೂ ಹಾಗೆನ್ ಮೊದಲಾದ ಮೇಳಗಳು ಇದೇ ಕರಾರಿನ ಮೇಲೆ ಇವನ್ನು ಪಡೆದಿವೆ.