ಬಗ್ದಾದಿನಿಂದ ಯಜ್ದ್‌ವರೆಗೆ: ಮಿತ್ರ ಸಂಖ್ಯೆಗಳ ಇತಿಹಾಸ

ಗಣಿತವೆಂದರೆ ಪರೀಕ್ಷೆಯ ಅಂಕಗಳಿಗಾಗಿ ಓದುವ ವಿಷಯವೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಆದರೆ ಕೆಲವು ಸಂಖ್ಯೆಗಳಿಗೂ ಇತಿಹಾಸವಿದೆ. 94,37,056 ಅಂಥದ್ದೊಂದು ಸಂಖ್ಯೆ.

ಮೊದಲು 220 ಮತ್ತು 284ನ್ನು ನೋಡೋಣ. 220ನ್ನು ಬಿಟ್ಟು ಅದರ ಉಳಿದ ಅಪವರ್ತನಗಳಾದ 1, 2, 4, 5, 10, 11, 20, 22, 44, 55, 110ನ್ನು ಕೂಡಿದರೆ 284 ಬರುತ್ತದೆ. 284ರ ಅಪವರ್ತನಗಳಾದ 1, 2, 4, 71, 142ನ್ನು ಕೂಡಿದರೆ 220! ಇಂಥ ಜೋಡಿಗಳೇ ಮಿತ್ರ ಸಂಖ್ಯೆಗಳು. ಅರಬ್ಬೀ ಭಾಷೆಯಲ್ಲಿ ಇವುಗಳಿಗೆ 'ಮುತಹಾಬ್ಬಾ' ಎಂಬ ಹೆಸರಿದೆ. ಉರ್ದುವಿನ 'ಮುಹಬ್ಬತ್' ಪದವೂ ಇದೇ ಧಾತುವಿನಿಂದ ಬಂದುದು.

ಈ ಜೋಡಿ ಗ್ರೀಕರಿಗೆ ತಿಳಿದಿತ್ತು. ಆದರೆ ಬೇರೆ ಜೋಡಿಗಳನ್ನು ಹುಡುಕುವ ಸೂತ್ರವನ್ನು ಸಾಧಿಸಿ ತೋರಿಸಿದವರು 9ನೇ ಶತಮಾನದ ಬಗ್ದಾದಿನ ವಿದ್ವಾಂಸ ಸಾಬಿತ್ ಇಬ್ನ್ ಖುರ್ರಾ. ಹರ್ರಾನ್ ಮೂಲದ ಇವರು ಮುಸ್ಲಿಮರಲ್ಲ, ಸಾಬಿಯನ್ ಪಂಥದವರು. ಪ್ರತಿಭೆಯನ್ನು ಗುರುತಿಸಿ ಅವರನ್ನು ಬಗ್ದಾದಿಗೆ ಕರೆತಂದವರು ಬನೂ ಮೂಸಾ ಮನೆತನದ ಮುಸ್ಲಿಮ್ ವಿದ್ವಾಂಸರು. ಜ್ಞಾನಕ್ಕೆ ಪಂಥದ ಗೋಡೆಯಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ಸೂತ್ರ ಹೀಗಿದೆ. 2ರ ಏಳನೇ ಘಾತ 128, ಅದರ ಹಿಂದಿನದು 64. 3×64−1=191; 3×128−1=383; 9×64×128−1=73,727. ಈ ಮೂರೂ ಅವಿಭಾಜ್ಯ ಸಂಖ್ಯೆಗಳಾಗಿದ್ದರೆ 128×191×383=93,63,584 ಮತ್ತು 128×73,727=94,37,056 ಮಿತ್ರ ಸಂಖ್ಯೆಗಳಾಗುತ್ತವೆ. ಇದೇ ಸೂತ್ರದಲ್ಲಿ ನಾಲ್ಕನೇ ಘಾತವಾದ 16ನ್ನು ತೆಗೆದುಕೊಂಡರೆ 17,296 ಮತ್ತು 18,416 ದೊರೆಯುತ್ತವೆ. ಐದು ಮತ್ತು ಆರನೇ ಘಾತಗಳಲ್ಲಿ 95 ಎಂಬ ವಿಭಾಜ್ಯ ಸಂಖ್ಯೆ ಅಡ್ಡ ಬರುವುದರಿಂದ ಜೋಡಿ ಸಿಗುವುದಿಲ್ಲ.

17,296ರ ಜೋಡಿಯನ್ನು 14ನೇ ಶತಮಾನದ ಆರಂಭದ ಹೊತ್ತಿಗೆ ಪರ್ಷಿಯಾದ ಕಮಾಲುದ್ದೀನ್ ಫಾರಸಿ ಮತ್ತು ಮರಾಕೆಶ್‌ನ ಇಬ್ನುಲ್ ಬನ್ನಾ ಬಲ್ಲವರಾಗಿದ್ದರು. ಫಾರಸಿಯವರು ಸಾಬಿತರ ಸೂತ್ರಕ್ಕೆ ಹೊಸ ಸಾಧನೆಯನ್ನೂ ಕೊಟ್ಟರು. 94,37,056ರ ಜೋಡಿಯನ್ನು 17ನೇ ಶತಮಾನದಲ್ಲಿ ಮುಹಮ್ಮದ್ ಬಾಖಿರ್ ಯಜ್ದಿ ಕಂಡುಹಿಡಿದರು. 73,727 ಅವಿಭಾಜ್ಯವೇ ಎಂದು ನೇರವಾಗಿ ಪರೀಕ್ಷಿಸಲು 271ರವರೆಗಿನ 58 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಬೇಕು. ಯಂತ್ರವಿಲ್ಲದ ಕಾಲದಲ್ಲಿ ಇದಕ್ಕೆ ಎಷ್ಟು ತಾಳ್ಮೆ ಬೇಕಿತ್ತೆಂದು ಊಹಿಸಬಹುದು.

ಯುರೋಪಿನಲ್ಲಿ 1636ರಲ್ಲಿ ಫರ್ಮಾ ಮೊದಲಿನ ಜೋಡಿಯನ್ನು, 1638ರಲ್ಲಿ ದೆಕಾರ್ತ್ ಎರಡನೆಯದನ್ನು ಸ್ವತಂತ್ರವಾಗಿ ಕಂಡುಕೊಂಡರು. ಬಹುಕಾಲ ಈ ಜೋಡಿಗಳು ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದ್ದವು. ಅವರ ಶ್ರಮ ದೊಡ್ಡದೇ. ಆದರೆ ಮೊದಲು ನಡೆದವರನ್ನು ಮರೆಯುವುದು ನ್ಯಾಯವಲ್ಲ. ಹಾಗೆಯೇ ಪೂರ್ವಜರ ಹೆಸರು ಹೇಳಿ ಹೆಮ್ಮೆಪಟ್ಟು ಸುಮ್ಮನಿರುವುದೂ ಸರಿಯಲ್ಲ.

ಸಾಬಿತರ ಸೂತ್ರದಿಂದ ಇಂದಿಗೂ ದೊರೆತಿರುವುದು ಮೂರೇ ಜೋಡಿ. ಬೇರೆ ದಾರಿಗಳಿಂದ ಕಂಪ್ಯೂಟರುಗಳು ನೂರು ಕೋಟಿಗೂ ಹೆಚ್ಚು ಜೋಡಿಗಳನ್ನು ಹುಡುಕಿವೆ. ಇವು ಅನಂತವೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 1866ರಲ್ಲಿ ಇಟಲಿಯ ಪಗಾನಿನಿ ಎಂಬ 16 ವರ್ಷದ ಹುಡುಗ, ಮಹಾ ಪಂಡಿತರ ಕಣ್ಣಿಗೂ ಬೀಳದಿದ್ದ 1,184 ಮತ್ತು 1,210ರ ಜೋಡಿಯನ್ನು ಪ್ರಕಟಿಸಿದ. ವಿದ್ಯಾರ್ಥಿಗಳೇ, ಆ ಹುಡುಗನ ವಯಸ್ಸು ನಿಮ್ಮದೇ. ಕಾಗದ, ಪೆನ್ಸಿಲ್ ತೆಗೆದುಕೊಂಡು ಈ ಜೋಡಿಯನ್ನು ನೀವೇ ಪರೀಕ್ಷಿಸಿ ನೋಡಿ.